ಷಡ್ಡಕನಿಗೆ ಮೈನಸ್ ಹನ್ನೊಂದು

ತಲೆಗೆ ಸೋಪು ಹಚ್ಚಿಕೊಂಡು ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದಾಗ ಅವನಿಗೆ ಅನ್ನಿಸಿತು, ಯಂತ್ರವನ್ನು ಅದರ ಪಾಡಿಗೆ ಓಡಲು ಬಿಟ್ಟು ಬಚ್ಚಲಿಗೆ ಬರಬಾರದಿತ್ತು. ಬಾಗಿಲಾಚೆ, ಊಟದ ಮೇಜಿನಾಚೆ, ಹೆಂಡತಿ ತನ್ನ ಇಸ್ತ್ರಿ ಹಲಗೆಗೂ ಅವನ ರೇಡಿಯೊಗೂ ಸರಿಪಾಲು ಮಾಡಿಕೊಟ್ಟಿದ್ದ ಸಣ್ಣ ಕೋಣೆಯಿಂದ ಅದರ ಕೂಗು ಕೇಳಿಸುತ್ತಿತ್ತು. ಯಾರೋ ಖಾಲಿ ಸೀಸೆಯ ಬಾಯಿಗೆ ತುಟಿಯಿಟ್ಟು ಊದಿ, ಯಾಕೆ ಊದುತ್ತಿದ್ದೇನೆ ಎಂದು ಮರೆತು ಸುಮ್ಮನಾಗಿ, ಮತ್ತೆ ನೆನಪಾಗಿ ಊದಿದ ಹಾಗೆ. ಹದಿನೈದು ಸೆಕೆಂಡು ಕೂಗು, ಹದಿನೈದು ಸೆಕೆಂಡು ಕಾಯುವುದು. ಹೊಸ ರೇಡಿಯೊ ಮನೆಗೆ ಬಂದು ನಾಲ್ಕು ದಿನವಾಗಿತ್ತು. ಅದರ ಜೊತೆ ಕಂಪ್ಯೂಟರಿಗೆ ಹಾಕಿಕೊಂಡ ಈ ಹೊಸ ವಿಧಾನದಲ್ಲಿ ಮಾತಿಲ್ಲ, ಕಥೆಯಿಲ್ಲ, ಮೋರ್ಸ್ ಕೀಲಿಯ ಕಟಕಟವೂ ಇಲ್ಲ. ಯಾರಾದರೂ ಇದ್ದೀರಾ ಎಂದು ಕಂಪ್ಯೂಟರೇ ಜಗತ್ತಿಗೆಲ್ಲ ಕೇಳುತ್ತದೆ. ಯಾರಾದರೂ ಓಗೊಟ್ಟರೆ ಅವರ ಸದ್ದು ಎಷ್ಟು ಗಟ್ಟಿಯಾಗಿ ಬಂತೆಂದು ಒಂದು ಅಂಕಿ ಕೊಡುತ್ತದೆ, ಅವರಿಂದ ಒಂದು ಅಂಕಿ ಇಸಿದುಕೊಳ್ಳುತ್ತದೆ, ಕೊನೆಗೆ ಎಪ್ಪತ್ಮೂರು ಎನ್ನುತ್ತದೆ. ಎಪ್ಪತ್ಮೂರು ಎಂದರೆ ಹವ್ಯಾಸಿ ರೇಡಿಯೊದವರ ಭಾಷೆಯಲ್ಲಿ ಶುಭಾಶಯ. ಅಲ್ಲಿಗೆ ಮುಗಿಯಿತು. ಮನುಷ್ಯನ ಕಿವಿಗೆ ಬರೀ ಸುಯ್ ಎನ್ನುವ ಕಡೆಯೂ ಅದು ಒಂದು ದನಿಯನ್ನು ಹೆಕ್ಕಿ ತೆಗೆಯುತ್ತದೆ. ಕೈಗೆ ಕೆಲಸವಿಲ್ಲ. ಕೈಗೆ ಕೆಲಸವಿಲ್ಲದ್ದರಿಂದಲೇ ಅವನಿಗೆ ಅದು ಇಷ್ಟವಾಗಿತ್ತು, ಆ ಇಷ್ಟದ ಬಗ್ಗೆ ಸ್ವಲ್ಪ ನಾಚಿಕೆಯೂ ಇತ್ತು. ಯಂತ್ರ ಕೂಗುವಾಗ ಮುಂದೆ ಮನುಷ್ಯ ಕೂತಿರಬೇಕು ಎನ್ನುವುದು ನಿಯಮ. ಲೈಸೆನ್ಸು ಕೈಗೆ ಕೊಡುವಾಗ ಆ ದಪ್ಪ ಮೀಸೆಯ ಅಧಿಕಾರಿ ಬೆರಳೆತ್ತಿ ಹೇಳಿದ್ದರು. ಆಗ ಅವನಿಗೆ ಇಪ್ಪತ್ನಾಲ್ಕು ವರ್ಷ. ಈಗ ಐವತ್ತೊಂದು, ಕಿವಿಯೊಳಗೆ ನೊರೆ.

ಅಷ್ಟರಲ್ಲಿ ಸೀಸೆಯ ಸ್ವರ ಕೂದಲೆಳೆಯಷ್ಟು ಬದಲಾಯಿತು. ಬೇರೆಯವರಿಗೆ ಗೊತ್ತಾಗುತ್ತಿರಲಿಲ್ಲ, ಮೋರ್ಸ್ ಕೇಳಿ ಪಳಗಿದ ಅವನ ಕಿವಿಗೆ ಗೊತ್ತಾಯಿತು. ಯಂತ್ರ ಈಗ ಜಗತ್ತನ್ನು ಕರೆಯುತ್ತಿಲ್ಲ, ಯಾರೋ ಒಬ್ಬರ ಜೊತೆ ಮಾತಾಡುತ್ತಿದೆ. ಅವನ ಹೆಸರಿನಲ್ಲಿ, ಅವನು ಬತ್ತಲೆ ನಿಂತಿರುವಾಗ. ಒಂದು ಕ್ಷಣ ಅವನಿಗೆ, ತನ್ನ ಕನ್ನಡಕದ ಅಂಗಡಿಯಲ್ಲಿ ತಾನಿಲ್ಲದಾಗ ಬೇರೆ ಯಾರೋ ತನ್ನ ಕೋಟು ಹಾಕಿಕೊಂಡು ಗಿರಾಕಿಯ ಮೂಗಿನ ಮೇಲೆ ಚೌಕಟ್ಟು ಕೂರಿಸಿ, ಈ ಗಾಜಿನಲ್ಲಿ ಚೆನ್ನಾಗಿ ಕಾಣುತ್ತೋ ಆ ಗಾಜಿನಲ್ಲೋ ಎಂದು ಕೇಳುತ್ತಿರುವ ಹಾಗೆ ಅನ್ನಿಸಿ ಹೊಟ್ಟೆಕಿಚ್ಚಾಯಿತು. ಎರಡು ಚೊಂಬು ಸುರಿದುಕೊಂಡು, ಟವೆಲು ಸುತ್ತಿಕೊಂಡು, ನೆಲದ ಮೇಲೆಲ್ಲ ಒದ್ದೆ ಹೆಜ್ಜೆ ಬಿಡುತ್ತಾ ಓಡಿದ. ಪರದೆಯ ಮೇಲೆ ಬೆಳಗಿನಿಂದ ಕೇಳಿಸಿದವರ ಪಟ್ಟಿ ಇತ್ತು. ಮೇಲೆ, ಎರಡು ಸಮುದ್ರ ದಾಟಿ ಬಂದಿದ್ದ ಯಾವುದೋ ದ್ವೀಪದವನು, ಮೈನಸ್ ಎಂಟು. ಅದರ ಕೆಳಗೆ, ಆರು ವರ್ಷದಿಂದ ಹವ್ಯಾಸಿ ರೇಡಿಯೊ ಕ್ಲಬ್ಬಿನ ಪತ್ರಿಕೆಯಲ್ಲಿ ಅವನು ನೋಡಿದರೂ ನೋಡದ ಹಾಗೆ ದಾಟಿಸುತ್ತಿದ್ದ ಆರು ಅಕ್ಷರಗಳು. ಷಡ್ಡಕನ ಕಾಲ್‌ಸೈನು, ರೇಡಿಯೊದಲ್ಲಿ ಅವನ ಹೆಸರು. ಬೇಕರಿಯ ಹಿಂದಿನ ಬೀದಿಯಲ್ಲಿ, ನಡೆದರೆ ಏಳೆಂಟು ನಿಮಿಷದ ದೂರದಲ್ಲಿರುವ, ಅವನ ಹೆಂಡತಿಯ ತಂಗಿಯ ಗಂಡ. ನಿನ್ನ ಸದ್ದು ನನಗೆ ಮೈನಸ್ ಹನ್ನೊಂದು ಎಂದು ಇವನ ಕಂಪ್ಯೂಟರು ಹೇಳಿತ್ತು. ಸಿಕ್ಕಿತು, ನಿನ್ನದು ಮೈನಸ್ ಒಂಬತ್ತು ಎಂದು ಅತ್ತಲಿಂದ ಬಂದಿತ್ತು. ಎಪ್ಪತ್ಮೂರು ಎಂದಿತ್ತು ಇದು. ಎಪ್ಪತ್ಮೂರು ಎಂದಿತ್ತು ಅದು. ಗಡ್ಡದಿಂದ ತೊಟ್ಟಿಕ್ಕಿದ ನೀರು ಇಸ್ತ್ರಿ ಹಲಗೆಯ ಮೇಲೆ ಬಿದ್ದು ಹೆಂಡತಿಯ ಹಳದಿ ರವಿಕೆಯ ಮೇಲೆ ಕಲೆಯಾಗಿ ಹರಡುವುದನ್ನು ನೋಡುತ್ತಾ ಅವನು ನಿಂತೇ ಇದ್ದ.

ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅರ್ಧ ಸಿಪ್ಪೆ ತೆಗೆದ ಆಲೂಗಡ್ಡೆ.

"ರೀ, ನೀವು ಅವರ ಹತ್ರ ಮಾತಾಡಿದ್ರಂತೆ."

"ಯಾರು ಹೇಳಿದ್ದು?"

"ಈಗ ತಂಗಿ ಫೋನ್ ಮಾಡಿದ್ಲು. ನಿಮ್ಮ ಕಡೆಯಿಂದ ಶುಭಾಶಯ ಬಂತಂತೆ. ಅವರು ಅದನ್ನ ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದಾರಂತೆ."

ಅದು ನಾನಲ್ಲ ಕಣೆ, ಕಂಪ್ಯೂಟರು, ನಾನು ಸೋಪು ಹಚ್ಚಿಕೊಳ್ತಾ ಇದ್ದೆ ಎನ್ನುವ ಮಾತು ಅವನ ಬಾಯಿಯವರೆಗೂ ಬಂತು. ಆದರೆ ಅವಳ ಮುಖ ನೋಡಿದ. ಅಕ್ಕತಂಗಿಯರು ಆರು ವರ್ಷ ಮಾತುಬಿಟ್ಟ ಇಬ್ಬರು ಗಂಡಂದಿರ ನಡುವೆ ಅಂಚೆ ಇಲಾಖೆಯ ಹಾಗೆ ದುಡಿದಿದ್ದರು. ಉಪ್ಪು ಆ ಕಡೆ ಕೊಡಬೇಕಂತೆ, ಕುರ್ಚಿ ಈ ಕಡೆ ಎಳೀಬೇಕಂತೆ. ನೆಂಟರ ಮನೆಯ ಒಂದು ಮದುವೆಯಲ್ಲಿ ಇಬ್ಬರೂ ಪಕ್ಕಪಕ್ಕ ಸಿಕ್ಕಿಬಿದ್ದಾಗ, ನಡುವಿನ ಇಬ್ಬರು ಸ್ವಲ್ಪ ಹತ್ತಿರ ಬರ್ಬೇಕು ಎಂದು ಫೋಟೊದವನು ನಾಲ್ಕು ಸಲ ಹೇಳಿದ್ದ. ಕೊನೆಗೆ ಬೇಸತ್ತು ಅವರ ನಡುವೆ ಒಂದು ಹೂದಾನಿ ತಂದಿಟ್ಟಿದ್ದ.

"ಹೂಂ," ಅಂದ. "ಏನೋ ಎರಡು ಮಾತು."

"ಏನಂದ್ರಿ?"

"ಮೈನಸ್ ಹನ್ನೊಂದು ಅಂದೆ."

"ಅಂದ್ರೆ ಒಳ್ಳೇದೋ ಕೆಟ್ಟದ್ದೋ?"

"ತೀರಾ ಕೆಟ್ಟದ್ದೇನಲ್ಲ."

"ಅವರೇನಂದ್ರು?"

"ಮೈನಸ್ ಒಂಬತ್ತು."

ಅವಳು ಆಲೂಗಡ್ಡೆಯನ್ನು ನೋಡುತ್ತಾ ಲೆಕ್ಕ ಹಾಕಿದಳು. "ನೋಡಿ, ಅವರೇ ಎರಡು ಜಾಸ್ತಿ ಕೊಟ್ಟಿದಾರೆ. ನೀವು ಅಲ್ಲೂ ಜುಗ್ಗತನ ಮಾಡಿದ್ರಿ. ಇರಲಿ, ಮಧ್ಯಾಹ್ನ ಊಟಕ್ಕೆ ಬರ್ತೀವಿ ಅಂತ ಹೇಳಿದೀನಿ. ಬೇಗ ಬಟ್ಟೆ ಹಾಕ್ಕೊಳಿ."

ಅವನು ಬಟ್ಟೆ ಹಾಕಿಕೊಂಡ. ಅಂಗಿಯ ಗುಂಡಿ ಹಾಕುವಾಗ ಅಂಕಿಗಳು ತಲೆಯೊಳಗೆ ಸೊಳ್ಳೆಯ ಹಾಗೆ ಸುತ್ತುತ್ತಿದ್ದವು. ಎರಡು ಸಮುದ್ರದಾಚೆಯವನು ಮೈನಸ್ ಎಂಟು, ಬೇಕರಿಯ ಹಿಂದಿನವನು ಮೈನಸ್ ಹನ್ನೊಂದು. ಏಳೆಂಟು ನಿಮಿಷದ ದಾರಿಗೆ ಪ್ಲಸ್ ಇಪ್ಪತ್ತಾದರೂ ಬರಬೇಕು. ಅಷ್ಟು ಹತ್ತಿರದವನ ಸದ್ದು ಯಂತ್ರದ ಕಪಾಳಕ್ಕೆ ಹೊಡೆದ ಹಾಗೆ ಬರಬೇಕು. ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದು ಈ ಭೂಮಿಯ ಮೇಲೆ ಒಬ್ಬನಿಗೆ ಗೊತ್ತಿತ್ತು, ಅವನು ಈಗ ಗುಂಡಿಯನ್ನು ತಪ್ಪು ಕಾಜಕ್ಕೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದ. ಆ ಕೇಬಲ್ಲನ್ನು ಷಡ್ಡಕ ಇನ್ನೂ ಬದಲಿಸಿಲ್ಲ. ಆರು ವರ್ಷ. ಒಂದು ಮಳೆಗಾಲದ ಮಟ್ಟಿಗೆ ಕಾಡಲಿ ಅಂತ ತಾನೆ ಇವನು ಅಂದುಕೊಂಡಿದ್ದು. ಕ್ಲಬ್ಬಿನ ಸ್ಪರ್ಧೆಯ ದಿನ ಅವನು ಮೋರ್ಸ್ ಕೀಲಿಯ ಮುಂದೆ ಕೂತು, ಬೆವರಿದ ಹೆಬ್ಬೆರಳಿನಿಂದ ಚುಕ್ಕಿ ಗೆರೆ ಕಳಿಸುತ್ತಿದ್ದಾಗ, ಬೆನ್ನ ಹಿಂದೆ ನಿಂತಿದ್ದ ಷಡ್ಡಕ, ಮೊದಲಿನಿಂದಲೂ ಸ್ನೇಹಿತ, ಇವನನ್ನು ನೋಡಲೆಂದೇ ಬಂದು ಇವನ ನಾದಿನಿಯನ್ನು ಮೆಚ್ಚಿ ಮದುವೆಯಾದವನು, ಟೀ ಲೋಟ ಕೆಳಗಿಟ್ಟು ಎಲ್ಲರಿಗೂ ಕೇಳಿಸುವ ಹಾಗೆ, ಇವನ ಮೋರ್ಸು ತಗಡಿನ ಮೇಲೆ ಕೋಳಿ ಕುಕ್ಕಿದ ಹಾಗಿದೆ ನೋಡ್ರಯ್ಯ, ಅದೂ ಕುಂಟ ಕೋಳಿ ಅಂದಿದ್ದ. ಹದಿನೆಂಟು ಜನ ನಕ್ಕರು. ಅವರು ನಕ್ಕಿದ್ದನ್ನು ಅವನು ಕ್ಷಮಿಸುತ್ತಿದ್ದನೇನೋ. ಟೀ ತಂದವನಿಗೆ ಮೋರ್ಸಿನ ಒಂದು ಅಕ್ಷರವೂ ಬರುತ್ತಿರಲಿಲ್ಲ, ಅವನೂ ನಕ್ಕ. ಆ ದಿನದಿಂದ ಇವನು ಕೀಲಿ ಮುಟ್ಟಲಿಲ್ಲ. ಅದಾದ ಎಂಟನೇ ದಿನ ಅತ್ತೆಯ ಹುಟ್ಟುಹಬ್ಬಕ್ಕೆಂದು ಷಡ್ಡಕನ ಮನೆಯಲ್ಲೇ ಎಲ್ಲರೂ ಸೇರಿದಾಗ, ಗಾಳಿ ಕುಡಿದು ಬರ್ತೀನಿ ಎಂದು ತಾರಸಿಗೆ ಹೋಗಿ, ಕನ್ನಡಕದ ಕಡ್ಡಿಯ ತಿರುಪು ಬಿಗಿಯಲು ಸದಾ ಜೇಬಿನಲ್ಲಿರುವ ಸೂಜಿಯಂಥ ಸ್ಕ್ರೂಡ್ರೈವರನ್ನು ತೆಗೆದು, ಆಂಟೆನಾದಿಂದ ಇಳಿಯುವ ಕಪ್ಪು ಕೇಬಲ್ಲಿನ ಚರ್ಮಕ್ಕೆ ಅಲ್ಲಲ್ಲಿ ಚುಚ್ಚಿದ್ದ. ಚುಚ್ಚುವಾಗ ಬಹಳ ಹಾಯೆನ್ನಿಸಿತ್ತು. ಕೆಳಗೆ ಬಂದು ಕೇಕು ತಿಂದಿದ್ದ, ಎರಡು ತುಂಡು.

ತೂತುಗಳಿಂದ ನೀರು ಇಳಿಯಿತು. ಒಳಗಿನ ತಾಮ್ರ ಕಪ್ಪಾಯಿತು. ಆಂಟೆನಾ ಹಿಡಿದದ್ದೆಲ್ಲ ರೇಡಿಯೊ ತಲುಪುವ ಮೊದಲೇ ಕೇಬಲ್ಲಿನಲ್ಲಿ ಇಂಗಿಹೋಗತೊಡಗಿತು. ಇದರಲ್ಲಿ ಒಂದು ವಿಚಿತ್ರವಿತ್ತು, ಅದನ್ನು ನೆನೆದಾಗೆಲ್ಲ ಅವನಿಗೆ ಮೈ ಬಿಸಿಯಾಗುತ್ತಿತ್ತು: ಕೇಬಲ್ಲು ಕೊಳೆತಷ್ಟೂ, ಹಿಂದಿರುಗಿ ಬಂದ ಶಕ್ತಿಯನ್ನಷ್ಟೇ ಅಳೆಯುವ ಮೀಟರಿನ ಮುಳ್ಳು ಎಲ್ಲ ಸರಿ ಇದೆ ಎಂದೇ ತೋರಿಸುತ್ತದೆ, ಹೋದ ಶಕ್ತಿ ಹಿಂದಿರುಗಿ ಬಾರದೆ ದಾರಿಯಲ್ಲೇ ಸತ್ತುಹೋಗುವುದರಿಂದ. ಷಡ್ಡಕ ಲಿಫ್ಟ್ ಇನ್‌ಸ್ಪೆಕ್ಟರ್. ದಿನವಿಡೀ ಮೇಲೆ ಹೋಗಿ ಕೆಳಗೆ ಬಂದು, ಮುಳ್ಳು ಎಲ್ಲಿ ನಿಂತಿದೆ ನೋಡಿ ಸಹಿ ಹಾಕುವವನು. ಮೀಟರು ಸರಿ ಅಂದರೆ ಅವನಿಗೆ ಅದು ಸರಿ. ರೇಡಿಯೊ ಬದಲಿಸಿದ. ಆಂಟೆನಾ ಬದಲಿಸಿದ. ಆಮೇಲೆ ಇನ್ನೇನೂ ಉಳಿಯಲಿಲ್ಲವೆಂದು ಸೂರ್ಯನನ್ನು ಹಿಡಿದುಕೊಂಡ. ಸೂರ್ಯ ಸೋಮಾರಿಯಾಗಿದ್ದಾನೆ, ಆದ್ದರಿಂದ ನಮ್ಮ ಬಡಾವಣೆಯ ಮೇಲಿನ ಆಕಾಶ ತೆಳ್ಳಗಾಗಿದೆ, ರೇಡಿಯೊ ಅಲೆಗಳು ಅದಕ್ಕೆ ತಟ್ಟಿ ಹಿಂದಿರುಗದೆ ಸೋರಿಹೋಗುತ್ತಿವೆ. ಕ್ಲಬ್ಬಿನ ಪತ್ರಿಕೆಯಲ್ಲಿ ಬರೆದ, ಪಟಗಳನ್ನು ಬರೆದ, ಅವನಿಗೆ ಸೂರ್ಯವೈದ್ಯ ಎಂದು ಅಡ್ಡಹೆಸರು ಬಿತ್ತು. ನಮಗೆಲ್ಲ ಚೆನ್ನಾಗೇ ಕೇಳಿಸುತ್ತಲ್ಲ ಎಂದು ಬೇರೆಯವರು ಅನುಮಾನ ಪಟ್ಟು, ಅದೇ ಬಡಾವಣೆಯ ಇನ್ನೊಬ್ಬನಾದ ಇವನ ಅಂಗಡಿಗೆ ಬಂದು, ನಿಮಗೂ ಏನೂ ಕೇಳಿಸ್ತಿಲ್ವಾ ಎಂದು ಕೇಳಿದ ದಿನ ಅವನು ಒಬ್ಬ ಮುದುಕಿಯ ಕನ್ನಡಕದ ಗಾಜು ಒರೆಸುತ್ತಿದ್ದ. ಕೇಳಿಸುತ್ತೆ ಅಂದರೆ ಷಡ್ಡಕನ ಕೇಬಲ್ಲು ನೋಡಲು ಹೊರಡುತ್ತಾರೆ. "ಇಲ್ಲ," ಅಂದ, ಗಾಜಿಗೆ ಹಾ ಎಂದು ಊದಿ. "ನನಗೂ ಅಷ್ಟಕ್ಕಷ್ಟೇ."

"ಊಟಕ್ಕೆ ಹೋಗೋರು ಹಗ್ಗ ತಗೊಂಡು ಹೋಗ್ತಾರಾ?" ಅಂದಳು ಹೆಂಡತಿ, ಬೀದಿಯಲ್ಲಿ. ಹೊಸ ರೇಡಿಯೊದ ಜೊತೆ ತಂದು, ಇನ್ನೂ ಬಿಚ್ಚದೆ ಇಟ್ಟಿದ್ದ ಮೂವತ್ತು ಮೀಟರ್ ಕೇಬಲ್ಲಿನ ಸುರುಳಿಯನ್ನು ಅವನು ಹೆಗಲಿಗೆ ಏರಿಸಿಕೊಂಡಿದ್ದ.

"ಹಗ್ಗ ಅಲ್ಲ, ಕೇಬಲ್ಲು. ಉಡುಗೊರೆ."

"ಎಲ್ಲರೂ ಹಣ್ಣು ತಗೊಂಡು ಹೋಗ್ತಾರೆ."

ಸುರುಳಿ ಹೆಜ್ಜೆಗೊಮ್ಮೆ ಕಿವಿಗೆ ತಾಗುತ್ತಿತ್ತು. ಬೇಕರಿಯ ಮುಂದೆ ಸಾಲಿನಲ್ಲಿ ನಿಂತಿದ್ದವರಲ್ಲಿ ಮೂವರು ಅವನ ಗಿರಾಕಿಗಳು, ಮೂವರೂ ಅವನು ಕೊಟ್ಟ ಕನ್ನಡಕದಿಂದಲೇ ಅವನನ್ನು ಸ್ಪಷ್ಟವಾಗಿ ನೋಡಿದರು. ಇಂಥ ಸ್ಪಷ್ಟತೆಯನ್ನು ಹಂಚಿದ್ದಕ್ಕೆ ಮೊದಲ ಸಲ ಅವನಿಗೆ ಬೇಸರವಾಯಿತು. ಹೇಳಿಬಿಡಬೇಕು ಎಂದುಕೊಂಡ. ಹೋದ ಕೂಡಲೇ, ಚಪ್ಪಲಿ ಬಿಡುವ ಮೊದಲೇ. ಅಥವಾ ಹೇಳದೆ ಕೇಬಲ್ಲು ಬದಲಿಸಿ, ಕೈ ತೊಳೆದುಕೊಂಡು ಬಂದುಬಿಡಬೇಕು; ಕಳ್ಳತನದಲ್ಲಿ ಮಾಡಿದ್ದನ್ನು ಕಳ್ಳತನದಲ್ಲೇ ಸರಿಮಾಡಿದರೆ ಸಮ ಆಗುವುದಿಲ್ಲವೆ? ಬೇಕರಿಯ ತಿರುವಿನಲ್ಲಿ ಎರಡನೆಯದು ಸರಿ ಅನ್ನಿಸಿತು, ಗೇಟಿನ ಹತ್ತಿರ ಮೊದಲನೆಯದು.

ಬಾಗಿಲು ತೆಗೆದವನು ಷಡ್ಡಕನೇ. ಆರು ವರ್ಷದಲ್ಲಿ ಕೂದಲು ನಡುನೆತ್ತಿಯಿಂದ ಇಳಿದು ಕಿವಿಗಳ ಮೇಲೆ ಸೇರಿಕೊಂಡಿತ್ತು. ಇದನ್ನು ಅವನು ಮದುವೆ ಮುಂಜಿಗಳಲ್ಲಿ ಕಡೆಗಣ್ಣಿನಿಂದ ನೋಡಿದ್ದ, ನೇರ ನೋಡಿದ್ದು ಈಗಲೇ.

"ಬಂದ್ಯಾ," ಅಂದ ಷಡ್ಡಕ.

"ಬಂದೆ."

"ಮೈನಸ್ ಹನ್ನೊಂದು ಕೊಟ್ಟೆಯಲ್ಲ."

"ಯಂತ್ರ ಕೊಟ್ಟಿದ್ದು."

"ಕೊಟ್ಟಿದ್ದು ಕೊಟ್ಟಿದ್ದೇ," ಎಂದು ಷಡ್ಡಕ ದಾರಿ ಬಿಟ್ಟ. ಫ್ರಿಜ್ಜಿನ ಮೇಲೆ ನಿಜವಾಗಿ ಆ ಹಾಳೆ ಇತ್ತು, ನಾಲ್ಕು ಮೂಲೆಗೂ ಟೇಪು, ಎಪ್ಪತ್ಮೂರರ ಕೆಳಗೆ ಕೆಂಪು ಗೆರೆ. ಅವನಿಗೆ ಅದರ ಮುಂದೆ ನಿಲ್ಲಲಾಗಲಿಲ್ಲ. ನಾದಿನಿ ಅಡುಗೆಮನೆಯಿಂದ ಬಂದು, ಕಣ್ಣೊರೆಸಿಕೊಂಡು, ಅದು ಈರುಳ್ಳಿ ಎಂದಳು. "ಬನ್ನಿ ಭಾವ. ನಾನು ಒಬ್ಬಳೇ ಇದ್ದೆ ಮನೇಲಿ. ಇವರು ಮೊಟ್ಟೆ ತರೋಕೆ ಹೋಗಿದ್ರು. ಬಂದು ನೋಡ್ತಾರೆ, ನೀವು ಮಾತಾಡ್ಸಿಬಿಟ್ಟಿದೀರಿ."

"ಮೊಟ್ಟೆ ತರೋಕೆ ಹೋಗಿದ್ನಾ?"

"ಒಂದು ಡಜನ್ನು," ಅಂದಳು ನಾದಿನಿ. ಷಡ್ಡಕ ಸೂರಿನ ಕಡೆ ನೋಡಿದ. ಹಾಗಾದರೆ ಅವನೂ ಇರಲಿಲ್ಲ. ಒಬ್ಬ ಬಚ್ಚಲಿನಲ್ಲಿ, ಇನ್ನೊಬ್ಬ ಮೊಟ್ಟೆಯಂಗಡಿಯಲ್ಲಿ. ಯಾರು ಹೊಸಬರು ಕರೆದರೂ ಓಗೊಡು ಎಂದು ಹೇಳಿಸಿಕೊಂಡ ಎರಡು ಯಂತ್ರಗಳು ಇವರ ಹಿಂದುಮುಂದು ಗೊತ್ತಿಲ್ಲದೆ ರಾಜಿ ಮಾಡಿಕೊಂಡು ಮುಗಿಸಿಬಿಟ್ಟಿದ್ದವು. ಅವನಿಗೆ ನಗು ಬಂತು, ತಡೆದುಕೊಂಡ. ಷಡ್ಡಕನ ಕುತ್ತಿಗೆ ಕೆಂಪಾಗಿತ್ತು. ನಾನೂ ಇರಲಿಲ್ಲ ಎಂದು ಹೇಳಿದರೆ ಪಾಪ ಅವನಿಗೆ ಹಗುರಾಗುತ್ತಿತ್ತು, ಆದರೆ ಹೆಂಡತಿ ಅಲ್ಲೇ ಇದ್ದಳು, ಅವಳು ತೊಟ್ಟಿದ್ದ ಹಳದಿ ರವಿಕೆಯ ಕಲೆ ಇನ್ನೂ ಒಣಗಿರಲಿಲ್ಲ.

ಊಟಕ್ಕೆ ಇನ್ನೂ ಹೊತ್ತಿತ್ತು. ಷಡ್ಡಕನ ರೇಡಿಯೊ ಕೋಣೆಯ ಗೋಡೆಯ ತುಂಬ ಸೂರ್ಯನ ಪಟಗಳು. ದುಂಡಗೆ, ಹಳದಿ, ಪ್ರತಿಯೊಂದರ ಮೇಲೂ ದಿನಾಂಕ. ಮೇಜಿನ ಮೇಲೆ ಒಂದು ಫೈಲು. ಶನಿವಾರ ಸಂಜೆ ಗ್ರಂಥಾಲಯದ ಮೇಲಿನ ಹಾಲಿನಲ್ಲಿ ಭಾಷಣ, ನಲವತ್ತು ಕುರ್ಚಿಗೆ ಹೇಳಿದ್ದಾನೆ. ಷಡ್ಡಕ ಪುಟ ತಿರುಗಿಸಿ ಬೆರಳಿಟ್ಟು ತೋರಿಸಿದ. "ನಿನ್ನನ್ನೂ ಹಾಕಿದೀನಿ ನೋಡು. ಅದೇ ಬಡಾವಣೆಯ ಇನ್ನೊಂದು ಕೇಂದ್ರದ ಅನುಭವವೂ ಇದೇ ಆಗಿದೆ. ಮಾತು ಬಿಟ್ಟಿದ್ವಿ ಸರಿ, ಸತ್ಯಕ್ಕೆ ಏನು. ನೀನು ಕ್ಲಬ್ಬಿನವರ ಹತ್ರ ನನ್ನ ಪರವಾಗಿ ಹೇಳಿದ್ದು ನನಗೆ ಗೊತ್ತಾಯ್ತು. ಅವತ್ತೇ ಬರೋಣ ಅಂದ್ಕೊಂಡೆ. ಬಂದು ಏನು ಹೇಳೋದು ಗೊತ್ತಾಗ್ಲಿಲ್ಲ." ಅವನು ಆ ಸಾಲನ್ನು ಓದಿದ. ಕಣ್ಣು ಪರೀಕ್ಷೆಯ ಹಲಗೆಯ ಕಡೇ ಸಾಲಿನ ಹಾಗೆ ಅಕ್ಷರಗಳು ಚಿಕ್ಕವಾಗುತ್ತಾ ಹೋದವು. ರೇಡಿಯೊದಿಂದ ಒಂದು ನಿಶ್ಶಬ್ದ ಬರುತ್ತಿತ್ತು. ಹೊದಿಕೆಯೊಳಗೆ ಮುಖವಿಟ್ಟುಕೊಂಡು ಉಸಿರಾಡಿದ ಹಾಗೆ, ಅಷ್ಟೇ. ಈ ಸದ್ದಿನ ಮುಂದೆ ಈ ಮನುಷ್ಯ ಆರು ವರ್ಷ ಪ್ರತಿದಿನ ಕೂತಿದ್ದಾನೆ, ಕಿವಿಗೆ ಏನೂ ಸಿಗದೆ, ಕಣ್ಣಿಂದಾದರೂ ನೋಡೋಣವೆಂದು ಹೊಸ ವಿಧಾನವನ್ನು ಕಲಿತಿದ್ದಾನೆ.

"ಕೇಬಲ್ಲು ಬದಲಿಸೋಣ," ಅಂದ.

"ಕೇಬಲ್ಲಿಗೇನಾಗಿದೆ? ಮೀಟರು ನೋಡು, ಮುಳ್ಳು ಅಲ್ಲಾಡಲ್ಲ. ಇಂಥ ಕೇಬಲ್ಲು ಯಾರ ಹತ್ರಾನೂ ಇಲ್ಲ."

"ಹೊಸ ವಿಧಾನಕ್ಕೆ ಹೊಸ ಕೇಬಲ್ಲೇ ಒಳ್ಳೇದಂತೆ."

"ಯಾರಂದ್ರು?"

"ಪುಸ್ತಕದಲ್ಲಿದೆ," ಎಂದು ಸುಳ್ಳು ಹೇಳಿದ. ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ತನ್ನ ಬಾಯಿಯೂ ಯಾವುದೋ ಪ್ರೋಗ್ರಾಮಿನಿಂದ ನಡೆಯುತ್ತಿದೆಯೋ ಏನೋ ಅನ್ನಿಸಿತು.

ತಾರಸಿಯ ಮೇಲೆ ಬಿಸಿಲು. ಷಡ್ಡಕ ಏಣಿ ಹತ್ತಿದ, ಇವನು ಕೆಳಗೆ ಹಿಡಿದುಕೊಂಡ. ಮೊದಲು ಯಾವಾಗಲೂ ಹೀಗೇ ಇತ್ತು, ಷಡ್ಡಕ ಮೇಲೆ, ಇವನು ಕೆಳಗೆ, ಮೇಲಿನಿಂದ ಬೀಳುವ ತಿರುಪು ಆಯುತ್ತಾ. ಏಣಿಯ ಮೇಲಿನವನು ಬಯ್ಯುವುದೂ ಹಾಗೇ ಇತ್ತು: ಸರಿಯಾಗಿ ಹಿಡ್ಕೊಳಯ್ಯ, ಅದು ಏಣಿ, ಗಿರಾಕಿಯ ಮೂಗಲ್ಲ. ಹಳೆಯ ಕೇಬಲ್ಲು ಸತ್ತ ಹಾವಿನ ಹಾಗೆ ಭುಜದ ಮೇಲೆ ಬಿತ್ತು. ಅವನು ಅದನ್ನು ನೋಡದೆ ನೀರಿನ ಟ್ಯಾಂಕಿನ ಹಿಂದೆ ಎಸೆದ. ಹೊಸದರ ತುದಿಯನ್ನು ಕಿಟಕಿಯಿಂದ ಒಳಗೆ ಎಳೆದು, ಷಡ್ಡಕ ತಿರುಪು ಬಿಗಿದು, ರೇಡಿಯೊದ ಗುಂಡಿ ಒತ್ತಿದ.

ಕೋಣೆ ತುಂಬಿಹೋಯಿತು. ಸೀಸೆಗಳು, ನೂರಾರು, ಒಂದರ ಮೇಲೊಂದು ಊದತೊಡಗಿದವು. ಪರದೆಯ ಮೇಲೆ ಸಾಲುಗಳು ಬಿದ್ದು ಬಿದ್ದು ಸ್ಥಳ ಸಾಲದೆ ಮೇಲಿನವು ಓಡಿಹೋದವು. ಪ್ಲಸ್ ಮೂರು, ಪ್ಲಸ್ ಏಳು, ಮೈನಸ್ ಒಂದು, ಎಲ್ಲೆಲ್ಲಿಯವರೋ. ಷಡ್ಡಕ ಬಾಯಿ ತೆರೆದುಕೊಂಡು ಕುರ್ಚಿಯ ತುದಿಯಲ್ಲಿ ಕೂತ. ಅವನ ಕಿವಿಯ ಮೇಲಿನ ಕೂದಲು ನಡುಗುತ್ತಿತ್ತು. ಅಲೆ ಹಿಡಿಯುವ ಗುಂಡಿಯನ್ನು ಒಂದಿಷ್ಟು ತಿರುಗಿಸಿದ, ಅಲ್ಲಿ ಮಾತು ಕೇಳಿಸಿತು, ಯಾವುದೋ ಭಾಷೆಯ ಹೆಂಗಸೊಬ್ಬಳು ನಗುತ್ತಿದ್ದಳು. ಇನ್ನಷ್ಟು ತಿರುಗಿಸಿದ, ಅಲ್ಲಿ ಮೋರ್ಸು.

"ಎದ್ದ," ಅಂದ ಷಡ್ಡಕ ಮೆಲ್ಲಗೆ.

"ಯಾರು?"

"ಸೂರ್ಯ. ಈ ವರ್ಷ ಏಳ್ತಾನೆ ಅಂತ ನಾನು ಬರೆದಿದ್ದೆ. ತಿಂಗಳೂ ಬರೆದಿದ್ದೆ." ಅವನ ಕಣ್ಣು ಒದ್ದೆಯಾಗಿತ್ತು, ಈರುಳ್ಳಿಯಿಂದ ಬಹಳ ದೂರವಿದ್ದರೂ. ಗಡಿಯಾರ ನೋಡಿ ಫೈಲಿನಲ್ಲಿ ಗಂಟೆ ನಿಮಿಷ ಬರೆದುಕೊಂಡ.

ಊಟದ ಮೇಜಿನಲ್ಲಿ ಮಾತು ಸೂರ್ಯನದೇ. ಷಡ್ಡಕ ಮೊಟ್ಟೆಯನ್ನು ಸೂರ್ಯ ಮಾಡಿ, ಚಮಚವನ್ನು ಭೂಮಿ ಮಾಡಿ ತಿರುಗಿಸುತ್ತಿದ್ದ. ನಾದಿನಿ ಗಂಡನನ್ನು ನೋಡುತ್ತಿದ್ದಳು. ಇಷ್ಟು ಮಾತಾಡುವ ಗಂಡ ಅವಳಿಗೂ ಮರೆತುಹೋಗಿದ್ದ. ಇವನು ಆಲೂಗಡ್ಡೆಯನ್ನು ತಟ್ಟೆಯ ಅಂಚಿಗೆ ಸರಿಸಿದ. ಸುಮ್ಮನಿದ್ದರೆ ಎಲ್ಲರಿಗೂ ಒಳ್ಳೆಯದೇ. ಶನಿವಾರ ನಲವತ್ತು ಕುರ್ಚಿಗಳ ಮುಂದೆ ಈ ಮನುಷ್ಯ ಸೂರ್ಯ ಎದ್ದ ಎಂದು ಹೇಳುತ್ತಾನೆ, ಕ್ಲಬ್ಬಿನವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ, ಬಹುಶಃ ಟೀ ತಂದವನು, ನಗುತ್ತಾನೆ. ಆ ನಗು ಅವನಿಗೆ ಈಗಲೇ ಕೇಳಿಸಿತು, ತನ್ನ ಬೆನ್ನ ಹಿಂದೆ ಕೇಳಿಸಿದ ಹಾಗೇ.

"ಅದು ಸೂರ್ಯ ಅಲ್ಲ," ಅಂದ.

"ಏನು?"

"ಕೇಬಲ್ಲಿಗೆ ನಾನೇ ತೂತು ಮಾಡಿದ್ದು. ಅತ್ತೆ ಹುಟ್ಟುಹಬ್ಬದ ದಿನ. ಏಳು ತೂತು. ಇದರಲ್ಲಿ." ಜೇಬಿನಿಂದ ಸ್ಕ್ರೂಡ್ರೈವರು ತೆಗೆದು ಉಪ್ಪಿನ ಡಬ್ಬಿಯ ಪಕ್ಕ ಇಟ್ಟ. "ನೀರು ಹೋಗಿ ಕೊಳೀತು. ನೀನು ಕೋಳಿ ಅಂದಿದ್ಯಲ್ಲ, ಅದಕ್ಕೆ."

ಹೆಂಡತಿ ಸ್ಕ್ರೂಡ್ರೈವರನ್ನೂ ಅವನನ್ನೂ ಸರದಿಯಂತೆ ನೋಡಿದಳು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅದು ಆ ಜೇಬಿನಲ್ಲಿ ಇಲ್ಲದ ದಿನವನ್ನು ಅವಳು ನೋಡಿರಲಿಲ್ಲ, ಎಷ್ಟೋ ಸಲ ಅಂಗಿಯ ಜೊತೆ ಒಗೆದೂ ಇದ್ದಳು.

"ಕೋಳಿ ಅಂದಿದ್ನಾ?" ಅಂದ ಷಡ್ಡಕ. "ಯಾವಾಗ?"

"ಸ್ಪರ್ಧೆ ದಿನ. ಕುಂಟ ಕೋಳಿ ಅಂದೆ."

"ನನಗೆ ನೆನಪಿಲ್ಲ. ನೀನು ಮಾತು ಬಿಟ್ಟಿದ್ದು, ಹುಟ್ಟುಹಬ್ಬದ ದಿನ ನಿನಗೆ ಚಿಕ್ಕ ಕುರ್ಚಿ ಹಾಕಿದ್ದಕ್ಕೆ ಅಂತ ಅಂದ್ಕೊಂಡಿದ್ದೆ." ಷಡ್ಡಕ ಸ್ಕ್ರೂಡ್ರೈವರನ್ನು ಎತ್ತಿ ಬೆಳಕಿಗೆ ಹಿಡಿದ, ನಕ್ಕು ಕೆಳಗಿಟ್ಟ. "ಇಷ್ಟುದ್ದದ ಕಡ್ಡಿಯಿಂದ ಆರು ವರ್ಷ ಆಕಾಶ ಮುಚ್ಚುತ್ತಾ? ನೀನು ಮೊದಲಿಂದಲೂ ಹೀಗೇ ಕಣಯ್ಯ. ಏನೇ ಆದ್ರೂ ನಿನ್ನಿಂದಲೇ ಆಗಿದ್ದು ಅಂತ. ನೀನೇನು ಸೂರ್ಯನಿಗಿಂತ ದೊಡ್ಡವನಾ?"

"ಭಾವ, ಬಿಸಿಲಲ್ಲಿ ನಿಂತಿದ್ರಿ," ಎಂದು ನಾದಿನಿ ನೀರಿನ ಲೋಟ ಮುಂದಿಟ್ಟಳು.

ಅವನು ನೀರು ಕುಡಿದ. ಹೀಗಾಗುತ್ತದೆ ಎಂದು ಅವನು ಎಣಿಸಿರಲಿಲ್ಲ. ಬಯ್ಯಬಹುದು, ಎದ್ದು ಹೋಗು ಅನ್ನಬಹುದು, ತಟ್ಟೆ ಎಸೆಯಬಹುದು, ಅದಕ್ಕೆಲ್ಲ ಮುಖ ಸಿದ್ಧಮಾಡಿಕೊಂಡಿದ್ದ. ಆರು ವರ್ಷ ಎದೆಯಲ್ಲಿ ಸಾಕಿದ್ದ ಪಾಪವನ್ನು ತಂದು ಮೇಜಿನ ಮೇಲಿಟ್ಟರೆ, ಇದು ನಿನ್ನದಿರಲಾರದು ಎಂದು ವಾಪಸು ಕೊಡುತ್ತಾನಲ್ಲ. ಅವನಿಗೆ ಒಂಥರಾ ಅವಮಾನವಾಯಿತು, ಮೋರ್ಸಿಗಾದ ಅವಮಾನವೇ ವಾಸಿ ಅನ್ನಿಸುವಷ್ಟು. ಷಡ್ಡಕ ಕೈ ತೊಳೆಯಲು ಎದ್ದು ಹೋದ. ಹೋದವನು ಬರಲಿಲ್ಲ. ಅಕ್ಕತಂಗಿಯರು ತಟ್ಟೆ ಒಟ್ಟುಮಾಡಿ, ನೆಂಟರ ಮನೆಯ ಯಾರದೋ ಮಂಡಿನೋವಿನ ಬಗ್ಗೆ ತಗ್ಗಿದ ದನಿಯಲ್ಲಿ ಮಾತಾಡಿದರು. ಮಂಡಿನೋವಿಗೆ ಯಾರೂ ದನಿ ತಗ್ಗಿಸುವುದಿಲ್ಲ, ತನ್ನ ಬಗ್ಗೆಯೇ ಎಂದು ಅವನಿಗೆ ತಿಳಿಯಿತು. ರೇಡಿಯೊ ಕೋಣೆಯಿಂದ ಸೀಸೆಗಳ ಸದ್ದು ಬರುತ್ತಲೇ ಇತ್ತು, ಅದನ್ನು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಅರ್ಧ ಗಂಟೆಯಾಯಿತು. ಹೆಂಡತಿ, ನಡೀರಿ ಹೋಗೋಣ, ಅವರು ಮಲಗಿರಬೇಕು ಎಂದಳು. ಅವನು ಬಾಗಿಲ ಹೊರಗೆ ಚಪ್ಪಲಿಗೆ ಕಾಲು ತೂರಿಸುತ್ತಿದ್ದಾಗ ಮೆಟ್ಟಿಲ ಮೇಲಿನಿಂದ ಷಡ್ಡಕ ಇಳಿದು ಬಂದ. ಪ್ಯಾಂಟಿನ ಎರಡೂ ಮಂಡಿಗೆ ತಾರಸಿಯ ಧೂಳು, ಅಂಗೈಯೆಲ್ಲ ಕರಿ. ಮುಖದಲ್ಲಿ ನಗುವಿರಲಿಲ್ಲ. ಹೆಂಗಸರು ಒಳಗಿದ್ದಾರೆಯೇ ಎಂದು ನೋಡಿಕೊಂಡು, ಹತ್ತಿರ ಬಂದ.

"ಎಷ್ಟು ಅಂದೆ?"

"ಏಳು."

"ನನಗೆ ಆರೇ ಸಿಕ್ಕಿದ್ದು."

ಬೇಕರಿಯ ಕಡೆಯಿಂದ ಬಿಸಿ ಬ್ರೆಡ್ಡಿನ ವಾಸನೆ ಬಂತು. ಏನಾದರೂ ಹೇಳಬೇಕೆಂದು ಅವನು ಬಾಯಿ ತೆರೆದ, ಷಡ್ಡಕ ಅಷ್ಟರಲ್ಲಿ ತಿರುಗಿ ಮೆಟ್ಟಿಲು ಹತ್ತತೊಡಗಿದ್ದ, ಇವನು ಬರುತ್ತಾನೋ ಇಲ್ಲವೋ ಎಂದು ನೋಡದೆ. ಅವನು ಚಪ್ಪಲಿ ಬಿಟ್ಟು ಹಿಂದೆ ಹೋದ.

ಹಳೆಯ ಕೇಬಲ್ಲನ್ನು ಷಡ್ಡಕ ತಾರಸಿಯ ಈ ತುದಿಯಿಂದ ಆ ತುದಿಗೆ ನೇರ ಎಳೆದು ಹಾಸಿದ್ದ. ಆರು ಕಡೆ ಸೀಮೆಸುಣ್ಣದಲ್ಲಿ ಗುಂಡಗೆ ಗುರುತು ಮಾಡಿದ್ದ, ಲಿಫ್ಟಿನಲ್ಲಿ ಸವೆದ ಹಗ್ಗಕ್ಕೆ ಮಾಡುವ ಹಾಗೆ, ಪಕ್ಕದಲ್ಲಿ ನಂಬರು. ಒಂದು ಕಡೆ ಬ್ಲೇಡಿನಿಂದ ಸೀಳಿ ನೋಡಿದ್ದ. ಒಳಗೆ ತಾಮ್ರದ ಜಾಗದಲ್ಲಿ ಒದ್ದೆ ಮಸಿ. ಇಬ್ಬರೂ ಮಂಡಿಯೂರಿ ಕೂತರು. ಹೆಬ್ಬೆರಳಿನಿಂದ ಅಂಗುಲ ಅಂಗುಲವಾಗಿ ಸವರುತ್ತಾ, ಬಿಸಿಯಾದ ನೆಲದ ಮೇಲೆ ಮಂಡಿ ಬದಲಿಸುತ್ತಾ ಹೊರಟರು.

"ಶನಿವಾರ ಏನು ಮಾಡ್ತೀಯ?" ಎಂದು ಅವನು ಕೇಳಿದ.

"ನಲವತ್ತು ಕುರ್ಚಿಗೆ ಹೇಳಿ ಆಗಿದೆ. ಕೇಬಲ್ಲಿನ ಬಗ್ಗೆ ಮಾತಾಡ್ತೀನಿ. ಮೀಟರು ಸರಿ ಇದೆ ಅಂದ ಮಾತ್ರಕ್ಕೆ ನಂಬಬೇಡಿ ಅಂತ. ಇದನ್ನ ತಗೊಂಡೋಗಿ ತೋರಿಸ್ತೀನಿ." ಸ್ವಲ್ಪ ಹೊತ್ತು ಸವರಿದ. "ತೂತು ಹೇಗಾಯ್ತು ಅಂತ ಯಾರಾದ್ರೂ ಕೇಳಿದ್ರೆ?"

"ನಾನು ಬರ್ತೀನಿ. ನಾನೇ ಹೇಳ್ತೀನಿ."

"ನಗ್ತಾರೆ."

"ನಗಲಿ."

ಟ್ಯಾಂಕಿನ ನೆರಳಿನಲ್ಲಿ ಷಡ್ಡಕ ನಿಂತು ಬೆನ್ನು ನೆಟ್ಟಗೆ ಮಾಡಿದ. ಕೇಬಲ್ಲು ಮುಗಿದಿತ್ತು. "ಇಲ್ಲಪ್ಪ. ಆರೇ. ನಿನಗೆ ಲೆಕ್ಕ ತಪ್ಪಿದೆ."

"ಏಳು. ನಾನು ಎಣಿಸಿ ಚುಚ್ಚಿದ್ದು."

"ಗಾಬರಿಯಲ್ಲಿ ಒಂದು ಎರಡು ಸಲ ಎಣಿಸಿರ್ತೀಯ."

"ಚುಚ್ಚಿದವನು ನಾನೋ ನೀನೋ?"

"ಕೇಬಲ್ಲು ಯಾರದು?"

ಕೆಳಗಿನಿಂದ ಹೆಂಡತಿ ಕೂಗಿದಳು, ಬರ್ತೀರೋ ಇಲ್ವೋ ಅಂತ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಅವನು ಜೇಬು ತಡಕಿ ಭೂತಗನ್ನಡಿ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಷಡ್ಡಕನ ಕೈಗೆ ಕೊಟ್ಟ. ಷಡ್ಡಕ ಅದನ್ನು ಕಣ್ಣಿಗೆ ಹಿಡಿದು ಮತ್ತೆ ಮಂಡಿಯೂರಿದ. ಆ ತುದಿಯಿಂದ ಮೊದಲಿನಿಂದ ಶುರು ಮಾಡಿದರು.